ಯಾವ ಮಗು, ಯಾರ ಮನೆಯದು?

ಬೆಳಿಗ್ಗೆ ಟೀ ಲೋಟ ಕೈಗೆ ಬರುವ ಮೊದಲೇ ದರ್ಜಿಯ ಕೈಯಲ್ಲಿ ಫೋನ್ ಇರುತ್ತಿತ್ತು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ನಾಯಕರ ಭಾಷಣ ಕೇಳುವುದು, ಕೇಳಿದ್ದನ್ನು ಬೀದಿಯವರಿಗೆಲ್ಲ ಕಳಿಸುವುದು, ಆಮೇಲೆಯೇ ಹೊಲಿಗೆ ಯಂತ್ರ. ಆ ಬೀದಿಯ ಹಿರಿಯರದೆಲ್ಲ ಇದೇ ಪದ್ಧತಿ. ಓದುಗರೇ, ನಿಮ್ಮ ಮನೆಯಲ್ಲಿ ಇಂಥವರಿಲ್ಲ ಎನ್ನಬೇಡಿ! ಚುನಾವಣೆ ಹತ್ತಿರ ಬಂದಿತ್ತು. ಹೊರಗಿನಿಂದ ಬಂದವರು ಮಕ್ಕಳನ್ನು ಕದಿಯುತ್ತಿದ್ದಾರೆಂದು ನಾಯಕರು ಊರೂರಲ್ಲಿ ಗುಡುಗುತ್ತಿದ್ದರು.

ಸರಿ, ಬೀದಿಯವರು ಚಾಕು ಸಾಣೆ ಹಿಡಿಯುವವನನ್ನು ಓಡಿಸಿದರು. ಬಲೂನು ಮಾರುವವಳ ಚೀಲವನ್ನು ನಡುಬೀದಿಯಲ್ಲಿ ಸುರಿಸಿ ನೋಡಿದರು. ಬಲೂನುಗಳೇ ಇದ್ದವು. ಆದರೂ ಅನುಮಾನ ಹೋಗಬೇಕಲ್ಲ! ಮಗು ಎತ್ತಿಕೊಂಡು ಬರುವ ಅಪರಿಚಿತರನ್ನು ತಡೆಯಬೇಕು, ಮಗು ತಾನಾಗಿ 'ಅಪ್ಪಾ', 'ಅಮ್ಮಾ' ಎಂದರೆ ಮಾತ್ರ ಬಿಡಬೇಕು ಎಂದು ನಿಯಮ ಮಾಡಿದವನು ದರ್ಜಿ. ಸುತ್ತಲಿನ ಬೀದಿಗಳಿಗೂ ಅವನೇ ಹೇಳಿಕೊಟ್ಟ.

ಅವನ ಕಿರಿಮಗಳು ಪತ್ರಿಕೆಯೊಂದರ ವರದಿಗಾರ್ತಿ. ಠಾಣೆ, ಆಸ್ಪತ್ರೆ, ಶಾಲೆ ಎಲ್ಲ ಸುತ್ತಿ ಬಂದಿದ್ದಳು.

"ಅಪ್ಪಾ, ಮಗು ಕಳೆದಿದೆ ಅಂತ ಒಂದೇ ಒಂದು ದೂರಿಲ್ಲ. ಯಾವ ಮಗು, ಯಾರ ಮನೇದು ಅಂತ ನಾಯಕರನ್ನೇ ಕೇಳ್ದೆ. 'ಜನ ಹೆದರಿದ್ದಾರಲ್ಲ, ಬೇರೆ ಸಾಕ್ಷಿ ಯಾಕೆ' ಅಂದ್ರು."

"ಅಷ್ಟು ದೊಡ್ಡ ಮನುಷ್ಯ ಸುಮ್‌ಸುಮ್ನೆ ಹೇಳ್ತಾರಾ? ನಿನಗೆ ಯಾರು ಕಿವಿ ಊದಿದ್ದಾರೋ!"

"ಹೆದರಿಸೋರೂ ಅವರೇ, ಆ ಹೆದರಿಕೇನ ಸಾಕ್ಷಿ ಅಂತ ತೋರ್ಸೋರೂ ಅವರೇ. ಕಳಿಸೋ ಮುಂಚೆ ಒಂದ್ಸಲ ನೀನೂ ಕೇಳ್ಬಾರ್ದಾ?"

"ಕೇಳ್ತಾ ಕೂತ್ರೆ ಮಕ್ಕಳು ಉಳೀತಾವಾ? ಹೋಗೇ, ನನಗೇ ಬುದ್ಧಿ ಹೇಳೋಕೆ ಬಂದ್ಲು!"

"ಊಟದ ಹೊತ್ತಲ್ಲಾದ್ರೂ ಇಬ್ರೂ ಬಾಯ್ ಮುಚ್ಕೊಳ್ಳಿ" ಎಂದು ತಾಯಿ ಅಡುಗೆಮನೆಯಿಂದ ಕೂಗಿದಳು.

ಆ ವಾರವೇ ಹಿರಿಮಗಳ ಗಂಡ, ಉಸಿರು ಕಟ್ಟುತ್ತಿದ್ದ ತನ್ನ ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಹತ್ತಿರದ ದಾರಿಯೆಂದು ಪಕ್ಕದ ಬೀದಿಗೆ ತಿರುಗಿದ. ಅಲ್ಲಿ ಅವನ ಪರಿಚಯ ಯಾರಿಗೂ ಇರಲಿಲ್ಲ. ಜನ ಸುತ್ತುವರಿದರು.

"ಮಗು ಅಪ್ಪಾ ಅನ್ಲಿ, ಬಿಡ್ತೀವಿ."

ಉಸಿರಾಡಲಾರದ ಕೂಸು ಏನೆಂದೀತು? ಅವನು ಗೋಗರೆದ, ಸಿಕ್ಕವರ ಕಾಲು ಹಿಡಿದ. ಯಾರೋ ದರ್ಜಿಗೆ ಫೋನ್ ಮಾಡಿದರು.

"ಒಬ್ಬ ಸಿಕ್ಕಿದ್ದಾನೆ ಯಜಮಾನ್ರೇ. ಮಗು ಬಾಯೇ ಬಿಡ್ತಿಲ್ಲ."

"ಬಿಡ್ಬೇಡಿ ಅವನನ್ನ, ನಾನು ಬಂದೆ."

ದರ್ಜಿ ಚಪ್ಪಲಿ ಮೆಟ್ಟಿಕೊಂಡು ಹೋದ. ಗುಂಪನ್ನು ಸರಿಸಿ ನುಗ್ಗಿದವನಿಗೆ ಕಂಡದ್ದು ಅಳಿಯನ ಮುಖ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೊಮ್ಮಗಳು ಹೋಗಿಬಿಟ್ಟಿದ್ದಳು. ಅಯ್ಯೋ, ಎಂಥ ಕಾವಲು ಅದು!

ಸುದ್ದಿ ತಿಳಿದು ನಾಯಕರು ಕ್ಯಾಮೆರಾಗಳ ಸಮೇತ ಸಾಂತ್ವನ ಹೇಳಲು ಬಂದರು. ದರ್ಜಿಯ ಹೆಗಲ ಮೇಲೆ ಕೈಯಿಟ್ಟು, "ಹೊರಗಿನವರ ಹಾವಳಿಗೆ ಇನ್ನೊಂದು ಕೂಸು ಬಲಿಯಾಯಿತು" ಎಂದರು.

ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಕಿರಿಮಗಳು ಪತ್ರಕರ್ತರ ನಡುವಿನಿಂದ ಕೇಳಿದಳು: "ಇನ್ನೊಂದು ಅಂದ್ರಲ್ಲ ಸಾರ್, ಮೊದಲನೇದು ಯಾವುದು?"

"ಸಾವಿನ ಮನೇಲಿ ರಾಜಕೀಯ ಬೇಡಮ್ಮ" ಎಂದು ನಾಯಕರು ಗದರಿದರು.

ದರ್ಜಿ ಹೆಗಲ ಮೇಲಿನ ಆ ಕೈಯನ್ನು ತೆಗೆದುಹಾಕಿದ.

"ನನ್ನ ಮಗಳು ಕೇಳಿದ್ದಕ್ಕೆ ಉತ್ತರ ಹೇಳಿ."

ನಾಯಕರು ಕಾರಿನತ್ತ ನೋಡಿದರು.

"ಹೊರಗಿನೋರು ಯಾರೂ ಈ ಕೂಸನ್ನ ಮುಟ್ಟಿಲ್ಲ ಸಾರ್. ನೀವು ಹೇಳಿದ್ರಿ, ನಾನು ನಂಬಿದೆ, ಕಂಡಕಂಡೋರಿಗೆಲ್ಲ ಕಲಿಸ್ದೆ. ಬಿಡ್ಬೇಡಿ ಅಂದೋನೂ ನಾನೇ." ಅವನು ಮಗಳತ್ತ ತಿರುಗಿದ. "ಬರ್ಕೋ ಮಗಳೇ. ನನ್ನ ಹೆಸರು ಹಾಕೇ ಬರಿ."

ಅವಳು ಕಣ್ಣೊರೆಸಿಕೊಂಡು ಬರೆದುಕೊಂಡಳು.