ವರ್ನಾ ಓಡಿಸಿದ ಎಪ್ಪತ್ತರ ಶೆವೆಲ್

ಹೊಯ್ಟ್‌ಗೆ ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ ಅವನ ಎಪ್ಪತ್ತರ ಮಾಡೆಲ್ ಶೆವೆಲ್ ಕಾರಿನ ಕೀಲಿ ಹೆಂಡತಿ ವರ್ನಾಳ ಕೈಗೆ ಬಂತು. ಕೆಂಪು ಮೈ, ಮೂತಿಯ ಮೇಲೆ ಎರಡು ಕರಿಪಟ್ಟೆ. ಒಹಾಯೊದ ಆ ಊರಿನಲ್ಲಿ ಅದರ ಎಂಜಿನ್ನಿನ ಗುಡುಗು ಕೇಳದವರಿಲ್ಲ. ಮದುವೆಯಾದಾಗಿನಿಂದ ವರ್ನಾ ಪಕ್ಕದ ಸೀಟಿನಲ್ಲಿ ಕೂತಿದ್ದಳೇ ಹೊರತು ಸ್ಟಿಯರಿಂಗ್ ಮುಟ್ಟಿದವಳಲ್ಲ. ಕೂರುವುದಕ್ಕೂ ಶೂ ಒರೆಸಿಕೊಂಡು ಹತ್ತಬೇಕಿತ್ತು.

ಲಕ್ವ ಹೊಡೆಯುವುದಕ್ಕೂ ಮೊದಲಿನ ಒಂದು ಜನವರಿಯಲ್ಲಿ ಅವಳ ತಾಯಿ ಪಕ್ಕದೂರಿನ ಆಸ್ಪತ್ರೆಯಲ್ಲಿ ಸಾಯುತ್ತಿದ್ದಳು. ಮನೆಯ ಪಿಕಪ್ ಕೆಟ್ಟು ನಿಂತಿತ್ತು.

"ಹಿಮ ಕರಗ್ಲಿ ಅಂತ ರಸ್ತೆ ತುಂಬ ಉಪ್ಪು ಎರಚಿದಾರೆ. ಅದರಲ್ಲಿ ಶೆವೆಲ್ ಇಳಿಸಿದ್ರೆ ತಗಡು ತುಕ್ಕು ಹಿಡಿಯುತ್ತೆ. ನಿಮ್ಮಮ್ಮ ನಾಳೆವರೆಗೂ ಇರ್ತಾಳೆ ಬಿಡು," ಎಂದಿದ್ದ ಹೊಯ್ಟ್.

ತಾಯಿ ಇರಲಿಲ್ಲ. ವರ್ನಾ ಆಗ ಜಗಳವಾಡಲೂ ಇಲ್ಲ.

ಈಗ ಆಗಸ್ಟ್. ಕೌಂಟಿ ಮೇಳದಲ್ಲಿ ಕಾರುಗಳನ್ನು ಬೇಕೆಂದೇ ಒಂದಕ್ಕೊಂದು ಗುದ್ದಿಸಿ ಜಜ್ಜುವ ಆಟ. ಕೊನೆಗೆ ಅಲುಗಾಡುವ ಕಾರು ಯಾವುದೋ ಅದೇ ಗೆದ್ದಂತೆ. ವರ್ನಾ ಹೊಯ್ಟ್‌ನ ತಮ್ಮ ಡಾರೆಲ್‌ನನ್ನು ಗ್ಯಾರೇಜಿಗೆ ಕರೆಸಿದಳು.

"ಗಾಜೆಲ್ಲ ಕಿತ್ತಾಕು. ಬಾಗಿಲು ತೆರ್ಕೊಳ್ಳದ ಹಾಗೆ ವೆಲ್ಡಿಂಗ್ ಮಾಡು."

"ಅತ್ತಿಗೆ, ತಲೆ ನೆಟ್ಟಗಿದ್ಯಾ? ಇದಕ್ಕೆ ಜನ ಮುಗಿಬೀಳ್ತಾರೆ. ಮಾರ್ಬಿಡಿ!"

"ಮಾರಿದ್ರೆ ಇನ್ಯಾವನೋ ಒರೆಸಿ ಮುದ್ದು ಮಾಡ್ತಾನೆ. ನಿನ್ ಕೈಲಾಗುತ್ತಾ, ಇಲ್ವಾ?"

ಡಾರೆಲ್ ಕಾರನ್ನು ನೋಡಿದ. ಅಂಗಳದಲ್ಲಿ ಗಾಲಿಕುರ್ಚಿಯಲ್ಲಿದ್ದ ಅಣ್ಣನನ್ನೂ ನೋಡಿದ. ಚಿಕ್ಕಂದಿನಿಂದ ಆ ಅಣ್ಣನ ಬೆಲ್ಟಿನ ಏಟು ತಿಂದವನು. ಸುತ್ತಿಗೆ ಎತ್ತಿಕೊಂಡ.

ಮೇಳದ ದಿನ ವರ್ನಾ ಗಂಡನನ್ನು ಬೇಲಿಯ ಪಕ್ಕಕ್ಕೇ ತಳ್ಳಿಕೊಂಡು ಹೋಗಿ, ಬಿಸಿಲು ಕಣ್ಣಿಗೆ ಹೊಡೆಯದಂತೆ ಟೋಪಿ ಸರಿಮಾಡಿದಳು. "ಇಲ್ಲಿಂದ ಚೆನ್ನಾಗಿ ಕಾಣುತ್ತೆ, ಅಲ್ವಾ?" ಎಂದಳು.

ಅವಳು ಕಿಟಕಿಯಿಂದ ಒಳಗೆ ನುಸುಳಿ ಎಂಜಿನ್ ಹಚ್ಚಿದಳು. ಮೊದಲ ಗುದ್ದು ಬಾಗಿಲಿಗೆ ಬಿತ್ತು. ಎರಡನೆಯದನ್ನು ಅವಳೇ ಕೊಟ್ಟಳು. ಕರಿಪಟ್ಟೆಗಳು ಮುದುಡಿ ಮೇಲೆದ್ದವು. ರೇಡಿಯೇಟರ್ ಒಡೆದು ಹಬೆ ಮುಖಕ್ಕೆ ರಾಚಿದರೂ ಅವಳು ಹಿಂದಕ್ಕೆ ಬಂದು ಬಂದು ಗುದ್ದಿದಳು. ಬೇಲಿಯಾಚೆ ಹೊಯ್ಟ್‌ನ ಬಾಯಿ ತೆರೆದಿತ್ತು, ಕೆನ್ನೆ ಒದ್ದೆಯಾಗಿತ್ತು.

"ಅಲ್ಲಿ ನೋಡ್ರಪ್ಪ, ಅವಳ ಗಂಡ!" ಎಂದು ಮೈಕಿನವನು ಕೂಗಿದ. "ಖುಷಿಗೆ ಅಳ್ತಾ ಇದಾನೆ! ಜೋರಾಗಿ ಚಪ್ಪಾಳೆ!"

ಇಡೀ ಮೈದಾನ ಚಪ್ಪಾಳೆ ತಟ್ಟಿತು.

ವರ್ನಾ ಗೆಲ್ಲಲಿಲ್ಲ. ಶೆವೆಲ್ ನಿಂತಲ್ಲೇ ನಿಂತಿತು. ತುಟಿ ಒಡೆದುಕೊಂಡು ಅವಳು ಗಂಡನ ಬಳಿ ಬಂದಾಗ, ಯಾರೋ ಮುದುಕಿ ಅವನ ಭುಜ ತಟ್ಟುತ್ತಿದ್ದಳು: "ಪುಣ್ಯ ಮಾಡಿದೀಯ ಕಣಪ್ಪ, ಇಂಥ ಹೆಂಡ್ತಿ ಸಿಗೋಕೆ."

ಹೊಯ್ಟ್‌ನ ಸ್ವಾಧೀನವಿದ್ದ ಕೈ ವರ್ನಾಳ ಮಣಿಕಟ್ಟನ್ನು ಹಿಡಿಯಿತು, ಉಗುರು ಚರ್ಮಕ್ಕಿಳಿಯಿತು. ಅವಳು ಬೆರಳು ಬೆರಳಾಗಿ ಬಿಡಿಸಿಕೊಂಡಳು. ನಾಚಿಕೆಯಾದೀತು ಎಂದುಕೊಂಡಿದ್ದಳು. ಆದದ್ದು ಬರೀ ಹಸಿವು. ಕಡ್ಡಿಗೆ ಚುಚ್ಚಿ ಕರಿದ ಸಾಸೇಜ್ ಒಂದನ್ನು ಕೊಂಡು, ಕಾರನ್ನು ಸರಪಳಿ ಕಟ್ಟಿ ಎಳೆದೊಯ್ಯುವವರೆಗೂ ಅವನ ಎದುರಿಗೇ ನಿಂತು ನಿಧಾನವಾಗಿ ತಿಂದಳು.