ಚಿಟ್ಟೆ ದಾಟುವ ಹೊತ್ತು

ತೊಮಾಸಾ ಕೆಂಪು ಬಾವುಟವನ್ನು ಅಡ್ಡ ಹಿಡಿದಳು. ಮದುವೆಯ ಗಾಡಿ ಅವಳಿಂದ ಎರಡು ಮಾರು ದೂರದಲ್ಲಿ ಬಂದು ನಿಂತಿತು. ಒಳಗೆ ಬಿಳಿ ಉಡುಪಿನಲ್ಲಿ ಅವಳ ಮೊಮ್ಮಗಳು ನಾಯೆಲಿ, ಪಕ್ಕದಲ್ಲಿ ವರನ ತಾಯಿ ಒಬ್ದುಲಿಯಾ. ಗಾಡಿ ಓಡಿಸುತ್ತಿದ್ದವನು ವರನ ತಂದೆ ಸಿರೀಲೊ.

"ಅಮ್ಮಾ, ಮಗ ಚರ್ಚಲ್ಲಿ ಕಾಯ್ತಿದ್ದಾನೆ, ಒಂದು ಗಂಟೆಗೆ ಪಾದ್ರಿಗಳು ಹೊರಟುಬಿಡ್ತಾರೆ. ಬುಧವಾರದಿಂದ ಉಪವಾಸದ ಕಾಲ. ಇವತ್ತು ತಪ್ಪಿದ್ರೆ ಈಸ್ಟರ್ ಆಗೋವರೆಗೂ ಮದುವೆ ಇಲ್ಲ," ಎಂದ ಸಿರೀಲೊ.

"ಕ್ಯಾಲೆಂಡರ್ ನಮ್ಮನೇಲೂ ಇದೆ. ನನ್ನ ಹಿಂದೆ ನಿಧಾನಕ್ಕೆ ಬಾ. ಹಾರ್ನ್ ಹೊಡೀಬೇಡ."

ಫೆಬ್ರವರಿಯ ಬಿಸಿಲು ಏರಿದರೆ ಸಾಕು, ಚಳಿಗಾಲವೆಲ್ಲ ಬೆಟ್ಟದ ಮರಗಳಿಗೆ ಅಂಟಿಕೊಂಡಿದ್ದ ಚಿಟ್ಟೆಗಳು ನೀರು ಕುಡಿಯಲು ತೊರೆಗೆ ಇಳಿಯುತ್ತವೆ. ರಸ್ತೆಯ ಮೇಲೆ ಸೊಂಟದೆತ್ತರಕ್ಕೆ ಸಾವಿರಗಟ್ಟಲೆ ಹಾದುಹೋಗುತ್ತವೆ. ಆಗ ಯಾವ ದೊಡ್ಡವರ ಗಾಡಿಯೇ ಆಗಲಿ, ಮೇಲಿನೂರಿನ ಬಾವುಟದವರ ಹಿಂದೆ ಒಂದು ಕಿಲೋಮೀಟರು ನಡಿಗೆಯ ವೇಗದಲ್ಲೇ ಬರಬೇಕು. ಇವತ್ತಿನ ಸರದಿ ಪಕ್ಕದ ಮನೆಯ ರುಫೀನಾಳದು. ತೊಮಾಸಾ ಅದನ್ನು ಕೇಳಿ ಪಡೆದಿದ್ದಳು. ಮದುವೆಗೆ ಹೋಗದಿರಲು ಅವಳಿಗೊಂದು ನೆಪ ಬೇಕಿತ್ತು.

ಸಾಕಿದ ಹಿರಿಯರು ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದು ಹರಸದೆ ಇಲ್ಲಿನ ಯಾವ ಹುಡುಗಿಯೂ ಮದುವೆಗೆ ಹೊರಡುವುದಿಲ್ಲ. ಬೆಳಿಗ್ಗೆ ನಾಯೆಲಿ ಮಂಡಿಯೂರುವ ಮೊದಲೇ ಮುದುಕಿ ಬಾವುಟ ಹಿಡಿದು ಮನೆಯಿಂದ ಜಾರಿಕೊಂಡಿದ್ದಳು. ಇಪ್ಪತ್ತು ವರ್ಷದ ಹಿಂದೆ ಚಿಟ್ಟೆ ಕೂತಿದ್ದ ಮರಗಳಿಗೇ ಗರಗಸ ಹಾಕಿದವನು ಕೆಳಗಿನೂರಿನ ಈ ಸಿರೀಲೊ. ಕಾಡು ಕಾಯುತ್ತಿದ್ದ ತೊಮಾಸಾಳ ಗಂಡ ತಡೆಯಲು ಹೋಗಿ ಕಾಲು ಮುರಿದುಕೊಂಡು, ಸಾಯುವವರೆಗೂ ಕುಂಟಿದ. ಅಂಥವನ ಮಗನಿಗೆ ತನ್ನ ಹುಡುಗಿಯನ್ನು ಹರಸಿ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ನಾಯೆಲಿ ಗಾಡಿಯಿಂದಿಳಿದು, ಉಡುಪು ಎತ್ತಿ ಹಿಡಿದು ಅಜ್ಜಿಯ ಜೊತೆ ಹೆಜ್ಜೆ ಹಾಕಿದಳು.

"ಅಜ್ಜಿ, ನೀನು ಬೇಕಂತಲೇ ನಿಧಾನ ಮಾಡ್ತಿದ್ದೀಯ ಅಂತಾರೆ ಮಾವ."

"ಎಪ್ಪತ್ತೊಂದು ವರ್ಷದ ಕಾಲು ಇದು. ಅವನೇ ಬಂದು ಓಡಿಸಲಿ."

"ಕೋಲು ಹಿಡಿದು ನನ್ನ ಹಿಂದೆ ಓಡ್ತಿದ್ದೆಯಲ್ಲ?"

"ಆವಾಗ ನೀನು ಮೊಟ್ಟೆ ಕದೀತಿದ್ದೆ. ಈಗ ನಿನ್ನನ್ನೇ ಕದ್ಕೊಂಡು ಹೋಗ್ತಿದ್ದಾರೆ," ಎಂದಳು ತೊಮಾಸಾ.

ಮುಂದೆ ರಸ್ತೆ ಒದ್ದೆಯಾಗಿದ್ದ ಕಡೆ ಚಿಟ್ಟೆಗಳು ಗುಂಪಾಗಿ ಕೂತಿದ್ದವು. ಅವು ಏಳುವವರೆಗೆ ಕಾಯಬೇಕು. ತೊಮಾಸಾ ನಿಂತಳು. ಸಿರೀಲೊ ದಡಬಡ ಇಳಿದು ಬಂದ. ಇನ್ನೇನು ಜಗಳ ತೆಗೆಯುತ್ತಾನೆ ಎಂದುಕೊಂಡರೆ, ಆ ದಪ್ಪ ಮನುಷ್ಯ ಹೊಸ ಕೋಟಿನಲ್ಲೇ ರಸ್ತೆಗೆ ಮಂಡಿಯೂರಿ, ಅಂಗೈ ತೂರಿಸಿ ಒಂದೊಂದೇ ಚಿಟ್ಟೆಯನ್ನೆತ್ತಿ ಹುಲ್ಲಿನ ಮೇಲೆ ಬಿಡತೊಡಗಿದ.

"ರೆಕ್ಕೆ ಮುಟ್ಟಬೇಡ."

"ಗೊತ್ತಮ್ಮ." ಅವನು ತಲೆ ಎತ್ತಲಿಲ್ಲ. "ಆ ಮರ ಕಡಿದದ್ದು ನಾನೇ. ಆಗ ಮನೇಲಿ ತಿನ್ನೋಕೆ ಇರಲಿಲ್ಲ."

"ನಮ್ಮನೇಲೂ ಇರಲಿಲ್ಲ. ನನ್ನ ಗಂಡ ಕಡೀಲಿಲ್ಲ."

ಸಿರೀಲೊ ಇನ್ನೊಂದು ಚಿಟ್ಟೆಯನ್ನೆತ್ತಿ ಹುಲ್ಲಿಗೆ ಬಿಟ್ಟ. ತೊಮಾಸಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಚಿಟ್ಟೆ ಎತ್ತಲು ತಾನೂ ಬಗ್ಗಿದಳು.

ಚಿಟ್ಟೆಯ ದಾರಿ ಮುಗಿದಾಗ ಒಂದು ಗಂಟೆಗೆ ಹತ್ತೇ ನಿಮಿಷ ಉಳಿದಿತ್ತು.

"ಗಾಡಿ ಹತ್ತು, ಹೊರಡು," ಎಂದಳು ಅಜ್ಜಿ.

ನಾಯೆಲಿ ಗಾಡಿ ಹತ್ತಲಿಲ್ಲ. ಟಾರು ರಸ್ತೆಯ ಮೇಲೆ ಮಂಡಿಯೂರಿದಳು.

"ಏಳೇ, ಬಟ್ಟೆ ಕೊಳೆಯಾಗುತ್ತೆ."

"ಆಗಲಿ. ನೀನು ಹರಸದೆ ಹೋಗಲ್ಲ. ಈಸ್ಟರ್‌ವರೆಗೂ ಇಲ್ಲೇ ಕೂತಿರ್ತೀನಿ."

"ಇವಳಿಗೆ ಈ ಹಟ ಎಲ್ಲಿಂದ ಬಂತೋ," ಎಂದಳು ತೊಮಾಸಾ. ಒಬ್ದುಲಿಯಾ ನಗು ತಡೆಯಲಾರದೆ ಮುಖ ತಿರುಗಿಸಿದಳು. ಮುದುಕಿ ಬಾವುಟವನ್ನು ಎಡಗೈಗೆ ಬದಲಿಸಿ, ಮೊಮ್ಮಗಳ ಹಣೆಯ ಮೇಲೆ ಶಿಲುಬೆ ಬರೆದಳು. ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.

ಅಷ್ಟರಲ್ಲಿ ಎದುರಿನಿಂದ ಬಸ್ಸೊಂದು ಬಂತು. ಅದನ್ನು ಚಿಟ್ಟೆಗಳ ನಡುವೆ ದಾಟಿಸಬೇಕಿತ್ತು. ಸಿರೀಲೊ ಕೈಚಾಚಿದ.

"ಬಾವುಟ ನನಗೆ ಕೊಡಿ. ನೀವು ಗಾಡಿ ಹತ್ತಿ. ಒಬ್ದುಲಿಯಾ ಓಡಿಸ್ತಾಳೆ."

"ನಿನ್ನ ಮಗನ ಮದುವೆ ಕಣೋ."

"ಮದುವೆಗೆ ಅಜ್ಜಿ ಬೇಕು. ಅಪ್ಪ ಊಟದ ಹೊತ್ತಿಗೆ ಬಂದ್ರೂ ನಡೆಯುತ್ತೆ."

ತೊಮಾಸಾ ಅವನ ಮುಖವನ್ನು ನೋಡಿದಳು. ಕೊನೆಗೆ ಬಾವುಟ ಕೊಟ್ಟಳು.

ಗಾಡಿ ವೇಗ ಹಿಡಿದ ಮೇಲೆ ಹಿಂದಿನ ಗಾಜಿನಿಂದ ತಿರುಗಿ ನೋಡಿದಳು. ಸಿರೀಲೊ ರಸ್ತೆಯ ನಡುವೆ, ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಹೋಗುತ್ತಿದ್ದ. ಬಸ್ಸು ಹಾರ್ನ್ ಹೊಡೆಯದೆ ಅವನ ಹಿಂದೆ ಹೋಗುತ್ತಿತ್ತು.