ಮನೆ ನೋಡಲು ಬಂದವರು

ಆ ಭಾನುವಾರ ಅಮ್ಮ ಪಾಯಸಕ್ಕೆ ಕಾಯಿ ತುರಿಯುತ್ತಿದ್ದಳು. ಅಣ್ಣ ಅಂಜನ್‌ಗೆ ಗುಬ್ಬಿಯಿಂದ ಸಂಬಂಧ ಬಂದಿತ್ತು. ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು.

ಅಣ್ಣ ತುಮಕೂರಿನಲ್ಲಿ ಕೆಲಸದಲ್ಲಿದ್ದಾಗ ಅವನ ಕಿವಿಯಲ್ಲಿ ಯಾರೋ ಬೈಯತೊಡಗಿದರು. ಆ ದನಿಗಳನ್ನು ಅಡಗಿಸಲು ಕುಡಿದ. ಕುಡಿದದ್ದಕ್ಕೆ ಬಾಡಿಗೆ ರೂಮಿನಿಂದ ಹೊರಹಾಕಿದರು. ಊರಿಗೆ ಬಂದ ಮೇಲೆ ಕುಣಿಗಲ್ ಪಕ್ಕದ ನಮ್ಮ ತೋಟದ ಪಂಪ್‌ಹೌಸಿನಲ್ಲಿ ಮಲಗುತ್ತಿದ್ದ. ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಮದ್ದು, ಮದುವೆ.

ಆಶಾ ಕಾರ್ಯಕರ್ತೆ ರೇವಮ್ಮ ಅಪ್ಪನಿಗೆ ಎಷ್ಟೋ ಸಲ ಹೇಳಿದ್ದಳು. "ಬೆಟ್ಟಯ್ಯಣ್ಣ, ಅದು ಕಾಯಿಲೆ. ತುಮಕೂರ್ ದೊಡ್ಡಾಸ್ಪತ್ರೆಗೆ ತೋರ್ಸಿ."

"ಸುಮ್ನಿರವ್ವ," ಎನ್ನುತ್ತಿದ್ದರು ಅಪ್ಪ. "ನೊಗ ಬಿದ್ರೆ ಪುಂಡ ಹೋರಿನೂ ನೆಟ್ಟಗೆ ನಡೀತದೆ."

"ನೊಗದ ಇನ್ನೊಂದ್ ಕಡೆಗೆ ಯಾರ ಮಗಳಣ್ಣ?"

ಆ ಭಾನುವಾರ ಬೆಳಿಗ್ಗೆ ಅಪ್ಪನೇ ಸ್ಟೀಲ್ ಲೋಟದಲ್ಲಿ ಅಣ್ಣನಿಗೆ ಹೆಂಡ ಕೊಟ್ಟರು. "ಕುಡ್ಕೊಳ್ಲಾ. ಅವ್ರ ಮುಂದೆ ಕೈ ನಡುಗಬಾರ್ದು." ಅಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ಹುಡುಗಿ ಮಂಗಳಗೌರಿಯ ತಾಯಿ ನರಸಿಂಹಮ್ಮ, ಸೋದರಮಾವ ಕನಕರಾಜು ಬಂದರು. ಕನಕರಾಜು ತೋಟ ನೋಡಿದ, ಬೋರಿನ ನೀರು ನೋಡಿದ, ಹಸುವಿನ ಬೆನ್ನು ತಟ್ಟಿದ. ಮದುವೆಯ ಗಂಡನ್ನು ಮಾತ್ರ ಸರಿಯಾಗಿ ನೋಡಲಿಲ್ಲ.

"ಹುಡುಗ ಮಾತೇ ಆಡಾಕಿಲ್ವಲ್ಲ! ನಮ್ ಗೌರಿ ಇಬ್ಬರ ಪಾಲಿಂದೂ ಆಡ್ತಾಳೆ ಬುಡಿ!" ಎಂದು ತಮಾಷೆ ಮಾಡಿದ.

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಎಲ್ಲರ ನಗು ನಿಂತ ಮೇಲೂ ನಗುತ್ತಲೇ ಇದ್ದ.

"ನಾಚ್ಕೆ ಸ್ವಭಾವ," ಎಂದು ಅಪ್ಪ ಅವಸರಿಸಿದರು. "ಹೇಮಾ, ತಾಂಬೂಲ ತಾರವ್ವ."

ಹೊಸಬರೆದುರು ಹೆಸರು ಹೇಳಲೂ ತಡವರಿಸುವವಳು ನಾನು. ತಟ್ಟೆ ಹಿಡಿದು ನರಸಿಂಹಮ್ಮನ ಮುಂದೆ ನಿಂತೆ. ಕೊಡಲಾಗಲಿಲ್ಲ.

"ಅಮ್ಮಾ, ನಮ್ಮಣ್ಣಂಗೆ ಮನಸ್ಸಿನ ಕಾಯಿಲೆ. ಕುಡಿತಾನೂ ಇದೆ. ಬೆಳಿಗ್ಗೆ ನಾವೇ ಕುಡಿಸಿದೀವಿ. ಗೌರಿನ ಕೊಡಬೇಡಿ."

"ಏನ್ಲೇ!" ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. "ನಿನ್ನ ಬಾಳಿಗೂ ಮಣ್ಣು ಹಾಕ್ಕೊಂಡ್ಯಲ್ಲೇ! ಈ ಹುಚ್ಚನ್ನ ಕರ್ಕೊಂಡು ಆಚೆ ಹೋಗು, ಪಂಪ್‌ಹೌಸೂ ಇಲ್ಲ ಇವ್ನಿಗೆ!"

ಕನಕರಾಜು ಬೈಯುತ್ತ ಚಪ್ಪಲಿ ಮೆಟ್ಟಿದ. ನರಸಿಂಹಮ್ಮ ಏಳಲಿಲ್ಲ.

"ನನ್ನೂ ಹಿಂಗೇ ಕೊಟ್ಟಿದ್ರು," ಎಂದಳು. "ಗೌರಿ ಅಪ್ಪನ್ನ ಬಾವಿಯಿಂದ ಎತ್ತಿದಾಗ ಅವ್ಳಿನ್ನೂ ಕೈಗೂಸು. ಒಬ್ರಾದ್ರೂ ಬಾಯಿ ಬಿಟ್ಟಿದ್ರೆ ಅವ್ರ ಜೀವಾನೂ ಉಳೀತಿತ್ತೇನೋ." ಎದ್ದು ಬಂದು ನನ್ನ ಕೆನ್ನೆ ಮುಟ್ಟಿದಳು. "ನಾಳೆ ಇವ್ನನ್ನ ತುಮಕೂರಿಗೆ ಕರ್ಕೊಂಡ್ ಬಾರವ್ವ. ಆಸ್ಪತ್ರೆ ಬಾಗಿಲಲ್ಲಿ ನಾನಿರ್ತೀನಿ."

ಆ ರಾತ್ರಿ ರೇವಮ್ಮ ತನ್ನ ಜಗುಲಿಯಲ್ಲಿ ನಮಗೆ ಚಾಪೆ ಹಾಸಿದಳು. ಮುಂದೆ ಎಲ್ಲಿ ಇರುವುದೆಂದು ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಣ್ಣ ನನ್ನ ಕಡೆ ತಿರುಗಿ ಕೇಳಿದ:

"ಹೇಮಾ, ಇವತ್ತು ಯಾರೋ ಆಚೆ ಹೋಗು ಅಂದ್ರು. ಯಾರೋ ಆಸ್ಪತ್ರೆಗೆ ಬಾ ಅಂದ್ರು. ನಿಜವಾಗ್ಲೂ ಅಂದ್ರಾ, ಇಲ್ಲ ನಂಗೊಬ್ಬಂಗೇ ಕೇಳಿಸ್ತಾ?"

"ಎರಡೂ ನಿಜ ಕಣಣ್ಣ," ಎಂದೆ. "ನಂಗೂ ಕೇಳಿಸ್ತು."